‘ಡಿಸ್ಮಿಸ್’ ಎಂಬ ತಿರುಪುಳಿ

1971ರ ಮಳೆಗಾಲ. ಕಲಬುರ್ಗಿಯ ಕಡೆಯಿಂದ ಬಂದ ಹದಿನೇಳರ ಹುಡುಗನೊಬ್ಬ ಠಾಣೆಯ ವಾಗ್ಳೆ ಎಸ್ಟೇಟಿನ ಚಿಕ್ಕ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ ಎರಡು ತಾಸು ಕಳೆದಿತ್ತು. ಯಂತ್ರದ ಹೊಟ್ಟೆಯೊಳಗೆ ಅರ್ಧ ಮೈ ತೂರಿಸಿಕೊಂಡಿದ್ದ ಕಚ್ಛೀ ಮೇಸ್ತ್ರಿ ಅಲ್ಲಿಂದಲೇ ಕೈ ಹೊರಚಾಚಿ ಕೂಗಿದ: ‘ಏ ಛೋಕರಾ, ಡಿಸ್ಮಿಸ್!’ ಹುಡುಗನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಆದರೆ ಪರೇಲಿನ ಗಿರಣಿಯಲ್ಲಿದ್ದ ಸೋದರಮಾವನ ಬಾಯಿಂದ ಎರಡು ಇಂಗ್ಲಿಷ್ ಪದಗಳನ್ನು ಕೇಳಿ ಕೇಳಿ ಕಲಿತಿದ್ದ: ಒಂದು ಲಾಕೌಟ್, ಇನ್ನೊಂದು ಡಿಸ್ಮಿಸ್. ಎರಡೇ ತಾಸಿನಲ್ಲಿ ತನ್ನಿಂದ ಏನು ತಪ್ಪಾಯಿತೆಂದು ತಿಳಿಯದೆ, ಕಣ್ಣೀರು ಒರೆಸಿಕೊಳ್ಳುತ್ತ ಚಪ್ಪಲಿ ಮೆಟ್ಟಿ ಗೇಟಿನತ್ತ ನಡೆದ. ಮೇಸ್ತ್ರಿ ಹೊರಬಂದು ನೋಡಿದಾಗ ಹುಡುಗನೂ ಇಲ್ಲ, ತಿರುಪುಳಿಯೂ ಇಲ್ಲ.

ಗುಜರಾತಿಯಲ್ಲಿ ಸ್ಕ್ರೂಡ್ರೈವರಿಗೆ ‘ಡಿಸ್ಮಿಸ್’ ಎಂಬ ಹೆಸರಿದೆ. ಗುಜರಾತಿ ಒಡೆಯರ ಕಾರ್ಖಾನೆಗಳಿಂದ, ಹಾರ್ಡ್‌ವೇರ್ ಅಂಗಡಿಗಳಿಂದ ಅದು ಮುಂಬಯಿ, ಠಾಣೆಗಳ ಕೆಲಸಗಾರರ ಬಾಯಿಗೂ ಹತ್ತಿತು. ಆ ಹುಡುಗ ಈಗ ಎಪ್ಪತ್ತು ದಾಟಿದ ಹಿರಿಯರು, ಡೊಂಬಿವಲಿಯ ನಿವಾಸಿ, ನಮ್ಮ ಬಳಗದ ಸಭೆಗಳಲ್ಲಿ ಹಿಂದಿನ ಸಾಲಿನ ಖಾಯಂ ಶ್ರೋತೃ. ಈ ಪ್ರಸಂಗವನ್ನು ಅವರು ಹೇಳಿದಾಗಲೆಲ್ಲ ನಾವು ನಕ್ಕಿದ್ದೇವೆ. ಅದನ್ನು ಬರೆದಿಡಬೇಕೆಂದು ಮಾತ್ರ ಯಾರಿಗೂ ತೋರಲಿಲ್ಲ. ಕಳೆದ ದಸರೆಯ ದಿನ ಅವರ ಮನೆಯಲ್ಲಿ ಆಯುಧಪೂಜೆಗೆ ಸೇರಿದ್ದಾಗ, ಮಣೆಯ ಮೇಲೆ ಹರಡಿದ್ದ ಸಾಮಾನುಗಳ ಹೆಸರನ್ನು ನಮ್ಮಲ್ಲೊಬ್ಬರು ಸುಮ್ಮನೆ ಕೇಳುತ್ತ ಹೋದರು. ಅವರು ಹೇಳಿದ ಇಪ್ಪತ್ತು ಹೆಸರುಗಳಲ್ಲಿ ಕನ್ನಡದ್ದು ಮೂರು, ಶುದ್ಧ ಇಂಗ್ಲಿಷಿನದು ಒಂದೂ ಇಲ್ಲ. ಉಳಿದವು ಯಾವ ನಿಘಂಟಿನವು? ಈ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

ನಮ್ಮ ಈ ಪಟ್ಟಿಗೆ, ಅಂದರೆ ಠಾಣೆಯಿಂದ ಕಲ್ಯಾಣದವರೆಗೆ, ಇತ್ತ ಕಳವಾ, ಐರೋಳಿಯಿಂದ ಬೇಲಾಪುರದವರೆಗೆ, ಯಂತ್ರದ ಸದ್ದು ರೈಲಿನೊಡನೆ ಬಂತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಬಂದು ನಿಂತಿತು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಅದೇ ಹಳಿ ಘಾಟಿ ಹತ್ತಿ, ಸೊಲ್ಲಾಪುರ ದಾಟಿ, 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿಕೊಂಡಾಗ ಕನ್ನಡ ನಾಡಿನ ಬಡಗಣ ಅಂಚಿಗೂ ಕಲ್ಯಾಣಕ್ಕೂ ಒಂದು ರಾತ್ರಿಯ ದೂರ ಉಳಿಯಿತು. ಕಲಬುರ್ಗಿ, ರಾಯಚೂರುಗಳ ಬರಗಾಲದಿಂದ ಹೊರಟವರು ಇಳಿದದ್ದು ಈ ದಾರಿಯಲ್ಲೇ. ಮುಂದೆ 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿತು. ವಾಗ್ಳೆ ಎಸ್ಟೇಟ್, ಠಾಣೆ-ಬೇಲಾಪುರ ರಸ್ತೆ, ಡೊಂಬಿವಲಿ, ಅಂಬರನಾಥಗಳಲ್ಲಿ ತಗಡಿನ ಸೂರುಗಳು ಎದ್ದವು. ಕರಾವಳಿಯ ನಮ್ಮವರು ಬಹುಪಾಲು ಹೋಟೆಲಿನ ಒಲೆಯ ಮುಂದೆ ನಿಂತರೆ, ಬಯಲುಸೀಮೆಯ ನಮ್ಮವರಲ್ಲಿ ಅನೇಕರು ಭಟ್ಟಿಯ ಮುಂದೆ, ಲೇತಿನ ಮುಂದೆ ನಿಂತರು. ಹೋಟೆಲಿನವರ ಚರಿತ್ರೆಯನ್ನು ನಾವು ಸಾಕಷ್ಟು ಬರೆದುಕೊಂಡಿದ್ದೇವೆ. ಲೇತಿನವರದು ಬಾಕಿ ಇದೆ.

ಊರಿನಲ್ಲಿ ಅವರಿಗೆ ಪದಗಳಿಲ್ಲದಿರಲಿಲ್ಲ. ಕುಲುಮೆ, ತಿದಿ, ಅಡಿಗಲ್ಲು, ಇಕ್ಕಳ, ಸುತ್ತಿಗೆ, ಅರ, ಉಳಿ, ಬಾಚಿ, ಬೈರಿಗೆ, ಗರಗಸ, ಮೂಲೆಮಟ್ಟ: ಬಡಿಗೇರ, ಕಮ್ಮಾರರ ಮನೆಗಳಲ್ಲಿ ಈ ಭಂಡಾರ ತಲೆತಲಾಂತರದಿಂದ ಇತ್ತು. ಆದರೆ ವಾಗ್ಳೆ ಎಸ್ಟೇಟಿನಲ್ಲಿ ‘ಇಕ್ಕಳ ಕೊಡು’ ಎಂದರೆ ಪಕ್ಕದ ಬೆಂಚಿನ ರತ್ನಾಗಿರಿಯವನಿಗೂ, ಎದುರಿನ ಅಜಂಗಢದವನಿಗೂ ತಿಳಿಯುವಂತಿರಲಿಲ್ಲ. ಇಂಗ್ಲಿಷ್ ಹೆಸರು ಸಾಹೇಬನ ಕ್ಯಾಬಿನ್ನಿನಲ್ಲಿತ್ತು, ಕ್ಯಾಟಲಾಗಿನಲ್ಲಿತ್ತು. ಹೀಗೆ ಎಲ್ಲರೂ ತಮ್ಮ ತಮ್ಮ ಪದವನ್ನು ಗೇಟಿನ ಹೊರಗೆ ಬಿಟ್ಟು, ಯಾರದೂ ಅಲ್ಲದ ಒಂದು ಭಾಷೆಯನ್ನು ಒಳಗೆ ಕಟ್ಟಿಕೊಂಡರು. ಇಕ್ಕಳ ಪಕ್ಕಡವಾಯಿತು, ಅರ ಕಾನಸವಾಯಿತು, ಉಳಿ ಛಿನ್ನಿಯಾಯಿತು, ಸ್ಪ್ಯಾನರು ಪಾನಾ ಆಯಿತು.

ಈ ಕಟ್ಟೋಣದ ತಳಪಾಯದಲ್ಲಿ ಇನ್ನೂ ಹಳೆಯ ಕಲ್ಲುಗಳಿವೆ. ವಸಯಿ 1534ರಿಂದ 1739ರವರೆಗೆ ಪೋರ್ತುಗೀಜರ ಕೈಯಲ್ಲಿತ್ತು; ಠಾಣೆಯ ಕೋಟೆಯನ್ನು ಮರಾಠರು ಅವರಿಂದ ಕಸಿದುಕೊಂಡದ್ದು 1737ರಲ್ಲಿ. ಹಡಗು ಕಟ್ಟುವವರ, ಕಲ್ಲು ಕಟ್ಟುವವರ ಮುಖ್ಯಸ್ಥನಿಗೆ ಅವರು ‘ಮೆಸ್ತ್ರೆ’ ಎನ್ನುತ್ತಿದ್ದರು. ನಮ್ಮ ಮೇಸ್ತ್ರಿ, ಹಿಂದಿಯ ಮಿಸ್ತ್ರಿ ಅಲ್ಲಿಂದ ಬಂದವರು. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಬೀಗದ ಕೈಗೆ ಹೇಳುವ ‘ಚಾವಿ’ ಕೂಡ ಅವರ ‘ಶಾವೆ’ಯೇ. ಭಾರ ಎತ್ತುವ ಖಲಾಸಿಗಳು ಕ್ರೇನಿನವನಿಗೆ ‘ಆರ್ಯಾ, ಆರ್ಯಾ’ ಎಂದು ಕೂಗಿದರೆ ಇಳಿಸು ಎಂದರ್ಥ. ಮೂಲ ಪೋರ್ತುಗೀಜ್ ನಾವಿಕರ ‘ಆರ್ಯಾರ್’. ಥಾಮಸ್ ರೋಬಕ್ ಎಂಬ ಸೈನ್ಯಾಧಿಕಾರಿ 1811ರಲ್ಲೇ ಕಲ್ಕತ್ತೆಯಿಂದ ಹಡಗಿನ ಹಿಂದೂಸ್ತಾನಿಗೆ ಒಂದು ನಿಘಂಟು ಪ್ರಕಟಿಸಿದ್ದ. ಖಲಾಸಿಗಳ ಬಾಯಿಗೆ ಕಿವಿಗೊಡದೆ ಹಡಗು ನಡೆಯದೆಂಬುದು ಅವನಿಗೆ ತಿಳಿದಿತ್ತು. ನಮ್ಮ ಕಾರ್ಖಾನೆಗಳ ಮ್ಯಾನೇಜರುಗಳಿಗೆ ಅಂಥ ಅವಶ್ಯಕತೆ ಕಂಡಂತಿಲ್ಲ.

ಇನ್ನು ನಗೆಯ ಹೆಸರುಗಳಿಗೆ ಬರೋಣ. ಮರಾಠಿಯಲ್ಲಿ ‘ನಾವೆ ಠೇವಣೆ’ ಎಂದರೆ ಕುಂದು ಹುಡುಕುವುದು. ನಮ್ಮ ಧಾರವಾಡ ಸೀಮೆಯಲ್ಲೂ ‘ಹೆಸರಿಡುವುದಕ್ಕೆ’ ಅದೇ ಅರ್ಥವುಂಟು. ಕಾರ್ಖಾನೆಯ ಹೆಸರುಗಳಲ್ಲಿ ಈ ಎರಡೂ ಅರ್ಥಗಳು ಬೆರೆತಿವೆ. ಕೆಲವು ಕಿವಿ ತಪ್ಪಿ ಹುಟ್ಟಿದವು. ಪ್ಲಾಯರ್ ಎಂಬುದು ಊರೂರಲ್ಲಿ ‘ಕಟಿಂಗ್ ಪ್ಲೇಯರ್’ ಆಗಿ, ಯಾವುದೋ ಆಟಗಾರನ ಹೆಸರಿನಂತೆ ಕೇಳಿಸುತ್ತದೆ. ವಾಷರ್ ‘ವಾಯ್ಸರ್’ ಆಯಿತು. ಹ್ಯಾಕ್ಸಾ ಬ್ಲೇಡು ‘ಆಕ್ಸೋ ಬ್ಲೇಡ್’ ಆಯಿತು. ಆರು ಮೂಲೆಯ ಅಲೆನ್ ಕೀ ‘ಎಲ್ಲೆನ್ ಕೀ’ ಆಗಿ, ಅಂಗಡಿಯ ಚೀಟಿಯಲ್ಲಿ ಎಲ್ ಮತ್ತು ಎನ್ ಎಂಬ ಎರಡು ಅಕ್ಷರಗಳಾಗಿ ಕುಳಿತಿದೆ. ಅದರ ಆಕಾರ ಇಂಗ್ಲಿಷಿನ ಎಲ್ ಅಕ್ಷರದ್ದೇ ಆದ್ದರಿಂದ ಈ ತಪ್ಪಿಗೆ ತರ್ಕದ ಬೆಂಬಲವೂ ದೊರೆಯಿತು. ಅಲೆನ್ ಎಂಬುದು 1910ರ ಸುಮಾರಿಗೆ ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ಇಂಥ ತಿರುಪುಗಳನ್ನು ಮಾಡಹೊರಟ ಕಂಪನಿಯ ಹೆಸರೆಂದು ನಾವು ವಿವರಿಸಿದಾಗ ನಮ್ಮ ಹಿರಿಯರು, ‘ಇರಲಿ ಬಿಡ್ರಿ, ಅವನ ಹೆಸರಕಿಂತ ಇದs ಛಲೋ ಅದ’ ಎಂದರು.

ಕೆಲವು ಹೆಸರುಗಳು ಕಣ್ಣಿಟ್ಟು ನೋಡಿ ಇಟ್ಟವು. ದುಂಡನೆಯ ಸಾಕೆಟ್ ಸ್ಪ್ಯಾನರಿಗೆ ‘ಗೋಟಿ ಪಾನಾ’. ಮರಾಠಿಯಲ್ಲಿ ಗೋಟಿ ಎಂದರೆ ಮಕ್ಕಳಾಡುವ ಗೋಲಿ. ನಾಲ್ಕು ಕಾಲಿನ ಮೇಲೆ ಭಾರ ಹೊರುವ ಅಟ್ಟಣಿಗೆ ‘ಘೋಡಿ’, ಅಂದರೆ ಹೆಣ್ಣುಕುದುರೆ. ಪ್ರಾಣಿಗಳು ಈ ಲೋಕದಲ್ಲಿ ಹೇರಳ. ಹಲ್ಲುಗಾಲಿ ಹಿಮ್ಮುಖ ತಿರುಗದಂತೆ ಕಚ್ಚಿ ಹಿಡಿಯುವ ತುಂಡಿಗೆ ಪಂಜಾಬಿನ ರಾಟೆಬಾವಿಗಳಲ್ಲಿ ‘ಕುತ್ತಾ’ ಎನ್ನುತ್ತಿದ್ದರು. ಅದು ಟಿಕ್ ಟಿಕ್ ಎಂದು ಕಾವಲು ಕಾಯುತ್ತಿತ್ತು. ಲೇತಿನ ಮೇಲೆ ಕಬ್ಬಿಣದ ಸರಳನ್ನು ಕಚ್ಚಿಕೊಂಡು ತಿರುಗಿಸುವ ಸಾಧನಕ್ಕೆ ಇಂಗ್ಲಿಷರೂ ‘ಡಾಗ್’ ಎಂದೇ ಕರೆದರು. ಒಬ್ಬರನ್ನೊಬ್ಬರು ಕಾಣದ ಎರಡು ದೇಶದ ಕೆಲಸಗಾರರಿಗೆ ಕಬ್ಬಿಣದಲ್ಲಿ ನಾಯಿಯೇ ಕಂಡಿದೆ. ಮಂಕಿ ರೆಂಚಿನ ಮಂಗ ಎಲ್ಲಿಂದ ಬಂತೆಂಬುದಕ್ಕೆ ಮಾತ್ರ ಎರಡು ಕಟ್ಟುಕಥೆಗಳು ಓಡಾಡುತ್ತಿವೆ. ಚಾರ್ಲ್ಸ್ ಮಂಕಿ ಎಂಬವನು ಅದನ್ನು ಕಂಡುಹಿಡಿದನೆಂಬುದು ಒಂದು. ಕರಿಯ ಮುಷ್ಟಿಕಾಳಗದ ವೀರ ಜ್ಯಾಕ್ ಜಾನ್ಸನ್ ಕಂಡುಹಿಡಿದದ್ದರಿಂದ ಬಿಳಿಯರು ಹಾಗೆ ಹಂಗಿಸಿದರೆಂಬುದು ಇನ್ನೊಂದು. ಜಾನ್ಸನ್ 1922ರಲ್ಲಿ ರೆಂಚೊಂದರ ಸುಧಾರಣೆಗೆ ಪೇಟೆಂಟ್ ಪಡೆದದ್ದು ನಿಜ. ಆದರೆ ಆ ಹೆಸರು ಅವನು ಹುಟ್ಟುವ ಮೊದಲೇ ಬಳಕೆಯಲ್ಲಿತ್ತು.

ಐ.ಟಿ.ಐ.ಗಳ ತರಗತಿಯಲ್ಲಿ ಈ ನಗೆಗೆ ಸರಕಾರದ ಮುದ್ರೆಯೇ ಇತ್ತು. ದೇಶದ ಕುಶಲಕರ್ಮಿ ತರಬೇತಿ ಯೋಜನೆ ಆರಂಭವಾದದ್ದು 1950ರಲ್ಲಿ, ಅಪ್ರೆಂಟಿಸ್ ಕಾಯಿದೆ ಬಂದದ್ದು 1961ರಲ್ಲಿ. ಫಿಟ್ಟರ್ ಓದುವವನ ಮೊದಲ ತಿಂಗಳುಗಳು ಅರ ಉಜ್ಜುವುದರಲ್ಲೇ ಕಳೆಯುತ್ತವೆ. ಅರದ ಹಲ್ಲಿನ ಒರಟುತನವನ್ನು ಪಠ್ಯಪುಸ್ತಕ ಹೀಗೆ ವಿಂಗಡಿಸುತ್ತದೆ: ರಫ್, ಬಾಸ್ಟರ್ಡ್, ಸೆಕೆಂಡ್ ಕಟ್, ಸ್ಮೂತ್, ಡೆಡ್ ಸ್ಮೂತ್. ಎರಡನೆಯದನ್ನು ಉಚ್ಚರಿಸುವಾಗ ಮಾಸ್ತರರು ಕಿಟಕಿಯ ಹೊರಗೆ ನೋಡುತ್ತಿದ್ದರಂತೆ. ಅತ್ತ ಪೂರಾ ಒರಟಲ್ಲದ, ಇತ್ತ ನಯವೂ ಅಲ್ಲದ ನಡುವಿನ ಜಾತಿಗೆ ಇಂಗ್ಲಿಷರು ಬಹಳ ಹಿಂದೆಯೇ ಕೊಟ್ಟ ಹೆಸರದು. ಕತ್ತಿಗೂ ಕಾಗದಕ್ಕೂ ಅದೇ ವಿಶೇಷಣ ಹಚ್ಚುತ್ತಿದ್ದರು. ಒಂದು ಕಾಲು ಸೊಟ್ಟಗಿರುವ ಕ್ಯಾಲಿಪರಿಗೆ ‘ಜೆನ್ನಿ’ ಎಂದು ಹೆಣ್ಣಿನ ಹೆಸರು. ಲೇತಿನಲ್ಲಿ ‘ಲೈವ್ ಸೆಂಟರ್’ ಒಂದು, ‘ಡೆಡ್ ಸೆಂಟರ್’ ಒಂದು. ನಮ್ಮ ಹಿರಿಯರ ಮೊದಲ ಪರೀಕ್ಷೆಯಲ್ಲಿ ಒಬ್ಬ ಗೆಳೆಯ, ಡೆಡ್ ಸೆಂಟರ್ ಎಂದರೆ ರಿಪೇರಿಯಾಗದ ಲೇತು ಎಂದು ಬರೆದು ಬಂದಿದ್ದನಂತೆ. ಅಂದಹಾಗೆ, ಆ ಅರಗಳನ್ನು ತಯಾರಿಸುವ ಹೆಸರಾಂತ ಕಾರ್ಖಾನೆ, ರೇಮಂಡ್ ಬಳಗದ ಜೆ.ಕೆ. ಫೈಲ್ಸ್, ಇದ್ದದ್ದು ನಮ್ಮ ಠಾಣೆಯಲ್ಲೇ. ಊರಿಗೆ ಹೋದಾಗ ಕಮ್ಮಾರನಿಗೆ ಕೊಡಲು ಠಾಣೆಯ ಅರವನ್ನು ಪೆಟ್ಟಿಗೆಯ ತಳದಲ್ಲಿಟ್ಟು ಒಯ್ಯುತ್ತಿದ್ದವರು ನಮ್ಮಲ್ಲಿ ಒಬ್ಬಿಬ್ಬರಲ್ಲ.

ಅಳತೆಯ ಕಥೆ ಇನ್ನೂ ಸೊಗಸು. 1956ರ ಕಾಯಿದೆಯಿಂದ ದೇಶ ಮೆಟ್ರಿಕ್ ಮಾನಕ್ಕೆ ತಿರುಗಿತು. ನಕ್ಷೆಯಲ್ಲಿ ಮಿಲಿಮೀಟರ್ ಬಂತು, ಬಾಯಲ್ಲಿ ‘ಸೂತ್’ ಉಳಿಯಿತು: ಇಂಚಿನ ಎಂಟನೆಯ ಒಂದು ಪಾಲು, ಅಂದರೆ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು. ಸ್ಪ್ಯಾನರುಗಳನ್ನು ಹೆಸರಿನಿಂದಲ್ಲ, ಎರಡು ತುದಿಗಳ ಅಳತೆಯಿಂದ ಕರೆಯುವುದು ರೂಢಿ. ‘ದಸ್-ಗ್ಯಾರಾ ದೇ’, ‘ಬಾರಾ-ತೇರಾ ದೇ’. ಹಿಂದಿ ಬಾರದ ಕನ್ನಡದ ಹುಡುಗರಿಗೆ ಇದೇ ಮಗ್ಗಿ, ಇದೇ ಬಾಲಬೋಧೆ. ಸಾಮಾನ್ಯವಾಗಿ ದೊರೆಯುವ ಎಂಟರ ಸೆಟ್ಟು ಆರು-ಏಳರಿಂದ ಆರಂಭವಾಗಿ ಹದಿನೆಂಟು-ಹತ್ತೊಂಬತ್ತರವರೆಗೆ ಬಿಡದೆ ಸಾಗಿ, ಕೊನೆಗೆ ಇಪ್ಪತ್ತು-ಇಪ್ಪತ್ತೆರಡಕ್ಕೆ ಜಿಗಿಯುತ್ತದೆ. ಹೀಗಾಗಿ ನಮ್ಮ ಹಿರಿಯರಿಗೆ ಆರರಿಂದ ಇಪ್ಪತ್ತೆರಡರವರೆಗಿನ ಹಿಂದಿ ಎಣಿಕೆ ಒಂದು ತಿಂಗಳಲ್ಲಿ ಬಂತು. ಒಂದರಿಂದ ಐದು ಚಹಾದ ಅಂಗಡಿಯಲ್ಲಿ ಬಂದವು. ‘ಇಕ್ಕೀಸ್’ ಎಂಬುದೊಂದು ಸಂಖ್ಯೆ ಇದೆಯೆಂದು ತಿಳಿದದ್ದು, ಕಲ್ಯಾಣದ ಬಾಡಿಗೆ ಮನೆಯ ಒಡತಿ ಇಪ್ಪತ್ತೊಂದು ರೂಪಾಯಿ ಕೇಳಿದಾಗ.

ಇಲ್ಲೊಂದು ವಿಷಯ ನಮ್ಮನ್ನು ನಗುವಿನ ನಡುವೆ ತಡೆಯಿತು. ಇಂಗ್ಲಿಷಿನಲ್ಲಿ ‘ಜ್ಯಾಕ್’ ಎಂಬುದು ಮೂಲತಃ ಆಳುಮಗನ, ಚಿಲ್ಲರೆ ಕೆಲಸದ ಹುಡುಗನ ಸಾಮಾನ್ಯ ಹೆಸರು. ಅವನು ಮಾಡುತ್ತಿದ್ದ ಕೆಲಸವನ್ನು ಉಪಕರಣ ಮಾಡತೊಡಗಿದಾಗ ಹೆಸರೂ ಅದಕ್ಕೆ ಹೋಯಿತು. ನಮ್ಮಲ್ಲಿ ಅದು ‘ಜಾಕಿ’. ನಮ್ಮ ಗ್ಯಾರೇಜುಗಳಲ್ಲಿ ಈ ದಾನ ತಿರುಗುಮುರುಗಾಗಿ ನಡೆಯಿತು. ಹುಡುಗನ ಹೆಸರನ್ನು ಯಾರೂ ಕೇಳಲಿಲ್ಲ. ಸಾಮಾನಿನ ಹೆಸರನ್ನು ಅವನಿಗೆ ಹಚ್ಚಿದರು. ನಮ್ಮ ಹಿರಿಯರನ್ನು ಮೊದಲ ಎರಡು ವರ್ಷ ಎಲ್ಲರೂ ‘ಡಿಸ್ಮಿಸ್’ ಎಂದೇ ಕರೆದರು. ಅವರ ಜೊತೆಯ ಕುಳ್ಳ ಹುಡುಗ ‘ಛೇ-ಸಾತ್’, ಸೆಟ್ಟಿನ ಅತಿ ಚಿಕ್ಕ ಪಾನಾ. ಆ ಛೇ-ಸಾತ್‌ನ ನಿಜವಾದ ಹೆಸರೇನೆಂದು ನಾವು ಕೇಳಿದಾಗ ಹಿರಿಯರು ಬಹಳ ಹೊತ್ತು ಯೋಚಿಸಿದರು. ‘ಬೀದರ ಕಡೆಯಾಂವ’ ಎಂದಷ್ಟೇ ಹೇಳಲು ಅವರಿಗೆ ಸಾಧ್ಯವಾಯಿತು.

ಹೊಸಬರನ್ನು ಬೇಸ್ತು ಬೀಳಿಸುವ ಆಟ ಎಲ್ಲ ದೇಶದ ಕಾರ್ಖಾನೆಗಳಲ್ಲಿ ಇದೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಎಡಗೈಯವರ ರೆಂಚು ತರಲು ಸ್ಟೋರಿಗೆ ಕಳಿಸುತ್ತಾರೆ. ಜರ್ಮನಿಯಲ್ಲಿ ರಸಮಟ್ಟಕ್ಕೆ ಹಾಕುವ ತೂಕದ ಕಲ್ಲು ತರಲು. ನಮ್ಮ ಹಿರಿಯರನ್ನು ಕಳಿಸಿದ್ದು ಲೆವಲಿನ ಗಾಜಿನೊಳಗಿನ ಗುಳ್ಳೆ ಹಳತಾಗಿದೆ, ಹೊಸದು ತಾ ಎಂದು. ಸ್ಟೋರಿನ ಗುಮಾಸ್ತ ಈ ಆಟದಲ್ಲಿ ಪಳಗಿದವನು, ‘ಸಣ್ಣ ಗುಳ್ಳೆಯೋ ದೊಡ್ಡದೋ, ಮೇಸ್ತ್ರಿಯನ್ನು ಕೇಳಿ ಬಾ’ ಎಂದು ಮರಳಿ ಅಟ್ಟಿದ. ಮೂರು ಸುತ್ತು ತಿರುಗಿದ ಮೇಲೆ ಗುಟ್ಟು ತಿಳಿಯಿತು. ಹುಡುಗ ಅವಮಾನದಿಂದ ಕುದಿದ, ಸಂಜೆ ಎಲ್ಲರೂ ಸೇರಿ ಅವನಿಗೆ ವಡಾಪಾವ್ ತಿನ್ನಿಸಿದರು. ಈ ಆಟ ಆದ ಮೇಲೆಯೇ ಅವನು ಅವರಲ್ಲೊಬ್ಬನಾದದ್ದು.

ಎಲ್ಲ ಆಟವೂ ವಡಾಪಾವಿನಲ್ಲಿ ಮುಗಿಯುವುದಿಲ್ಲ. ಧೂಳು ಹೊಡೆಯಲು ಇಟ್ಟ ಗಾಳಿಯ ಪೈಪನ್ನು ಜೊತೆಗಾರನ ಮೈಗೆ ತಗುಲಿಸಿ ನಗಿಸುವ ಹುಡುಗಾಟ ಅನೇಕ ಕಡೆ ನಡೆಯುತ್ತದೆ. ಒತ್ತಡದ ಗಾಳಿ ದೇಹದೊಳಗೆ ಹೊಕ್ಕರೆ ಕರುಳು ಹರಿಯುತ್ತದೆ. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲೇ ಯುವಕನೊಬ್ಬ ಗೆಳೆಯನ ಇಂಥ ಹುಡುಗಾಟದಿಂದ ಸತ್ತ. ಹಾಗೆ ಸತ್ತವರಲ್ಲಿ ಅವನು ಮೊದಲಿಗನಲ್ಲ. ಈ ಸುದ್ದಿಯನ್ನು ಓದಿದ ದಿನ ನಮ್ಮ ಹಿರಿಯರು ಯಾರೊಡನೆಯೂ ಮಾತಾಡಲಿಲ್ಲವೆಂದು ಅವರ ಮನೆಯವರು ಹೇಳಿದರು. ಕಾರಣವನ್ನು ನಾವು ಕೇಳಲಿಲ್ಲ.

ಉಪಕರಣಗಳ ದುರ್ಬಳಕೆಯ ಬಗ್ಗೆಯೂ ಹೇಳಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂದು ನಮ್ಮ ಗಾದೆ ಕೇಳುತ್ತದೆ. ಕಾರ್ಖಾನೆಯಲ್ಲಿ ನಡೆದದ್ದು ಬಹುಪಾಲು ಇದರ ವಿರುದ್ಧ: ಕೊಡಲಿ ಬೇಕಾದಲ್ಲಿ ಉಗುರಿನಿಂದಲೇ ಕೆಲಸ. ತಿರುಪುಳಿಯೇ ಉಳಿ, ತಿರುಪುಳಿಯೇ ಸನಿಕೆ, ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವ ಮೀಟುಗೋಲು. ಪಾನಾವೇ ಸುತ್ತಿಗೆ. ಬಿಗಿದ ನಟ್ಟು ಬಿಚ್ಚದಿದ್ದರೆ ಪಾನಾದ ಬಾಲಕ್ಕೊಂದು ಪೈಪು ಸಿಕ್ಕಿಸಿ ಇಬ್ಬರು ಜೋತುಬೀಳುವುದು. ಮೈಕ್ರೋಮೀಟರನ್ನು ಎರಡು ತಗಡು ಹಿಡಿದಿಡುವ ಚಿಮಟದಂತೆ ಬಳಸುವುದನ್ನು ಕಂಡರೆ ಹಳೆಯ ಫಿಟ್ಟರುಗಳು ಈಗಲೂ ಕಿವಿ ಮುಚ್ಚಿಕೊಳ್ಳುತ್ತಾರೆ. ಮಿಲಿಮೀಟರಿನ ನೂರನೆಯ ಒಂದು ಪಾಲನ್ನು ಅಳೆಯುವ ಸಾಧನಕ್ಕೆ ಅದು ಹೊಡೆತವೇ. ಎಲ್ಲಕ್ಕಿಂತ ಅಪಾಯದ್ದು ಅರವನ್ನು ಹಾರೆಯಂತೆ ಮೀಟಲು ಬಳಸುವುದು. ಅರದ ಉಕ್ಕು ಗಡಸು, ಆದ್ದರಿಂದಲೇ ಪೆಡಸು. ಅದು ಬಾಗುವುದಿಲ್ಲ, ಗಾಜಿನಂತೆ ಸಿಡಿಯುತ್ತದೆ. ಹಿಡಿ ಹಾಕದ ಅರದ ಚೂಪುಬಾಲ ಅಂಗೈಯನ್ನೇ ಹೊಕ್ಕ ಗುರುತು ನಮಗೆ ಪರಿಚಿತರಾದ ಇಬ್ಬರ ಕೈಯಲ್ಲಿದೆ.

ಇದನ್ನು ಕೆಲಸಗಾರನ ಅಜ್ಞಾನವೆಂದು ಬರೆಯುವುದು ಸುಲಭ, ಸುರಕ್ಷತಾ ಸಪ್ತಾಹದ ಭಿತ್ತಿಪತ್ರಗಳು ಹಾಗೆಯೇ ಬರೆಯುತ್ತವೆ. ನಾವು ಒಪ್ಪುವುದಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಪ್ರತಿಯೊಬ್ಬನಿಗೂ ಅವನ ಸಂಖ್ಯೆ ಕೊರೆದ ಕೆಲವು ಹಿತ್ತಾಳೆ ಬಿಲ್ಲೆಗಳನ್ನು ಕೊಡುತ್ತಿದ್ದರು. ಟೂಲ್‌ರೂಮಿನ ಕಿಂಡಿಯಲ್ಲಿ ಬಿಲ್ಲೆ ಕೊಟ್ಟರೆ ಸಾಮಾನು. ಬಿಲ್ಲೆ ಅಲ್ಲಿನ ಕೊಕ್ಕೆಗೆ ತೂಗುತ್ತಿರುತ್ತದೆ. ಸಾಮಾನು ಮರಳಿಸಿದರೆ ಬಿಲ್ಲೆ ಮರಳಿ ಕೈಗೆ. ಸಾಮಾನು ಮುರಿದರೆ ಅಥವಾ ಕಳೆದರೆ ಪಗಾರದಲ್ಲಿ ಕಡಿತ. ಕಿಂಡಿಯ ಮುಂದೆ ಸರದಿ ನಿಲ್ಲಲು ಕಾಲು ಗಂಟೆ. ಅಷ್ಟರಲ್ಲಿ ಪೀಸ್‌ರೇಟಿನವನ ನಾಲ್ಕು ಪೀಸು ಹೋಯಿತು. ಕೈಯಲ್ಲಿರುವ ತಿರುಪುಳಿಯನ್ನೇ ಉಳಿಯಾಗಿಸಿದವನು ಲೆಕ್ಕ ಬಲ್ಲವನೇ ಆಗಿದ್ದ. ಮುರಿದರೆ ಕಡಿತವೂ ಅವನದೇ, ಸಿಡಿದರೆ ಕಣ್ಣೂ ಅವನದೇ ಎಂಬುದು ಆ ಲೆಕ್ಕದ ಇನ್ನೊಂದು ಕಲಮು.

ಎಲ್ಲ ದುರ್ಬಳಕೆಯೂ ದುರ್ಬಳಕೆಯಲ್ಲವೆಂದು ಕೂಡ ಇಲ್ಲಿ ಹೇಳಬೇಕು. ಉದ್ದನೆಯ ತಿರುಪುಳಿಯ ತುದಿಯನ್ನು ಓಡುತ್ತಿರುವ ಮೋಟಾರಿನ ಬೇರಿಂಗಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಒಳಗಿನ ಗುಂಡುಗಳ ಆರೋಗ್ಯ ತಿಳಿಯುತ್ತದೆ. ನಮ್ಮ ಹಿರಿಯರು ಕಣ್ಣು ಮುಚ್ಚಿ ಹೀಗೆ ಆಲಿಸುತ್ತಿದ್ದಾಗ ಎಂಜಿನಿಯರ್ ಸಾಹೇಬರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರಂತೆ. ‘ಡಾಕ್ಟರ್’ ಎಂಬ ಹೊಸ ಅಡ್ಡಹೆಸರು ಅವರಿಗೆ ದೊರೆತು, ‘ಡಿಸ್ಮಿಸ್’ ಮರೆಯಾದದ್ದು ಆಗಲೇ. ಇದರ ತಮ್ಮನಂತಿರುವುದು ನಮ್ಮೆಲ್ಲರ ಮನೆಯ ಟೆಸ್ಟರು. ಅದರ ಜನ್ಮ ಕರೆಂಟು ನೋಡಲು, ಆಯುಷ್ಯ ಕಳೆಯುವುದು ಸ್ಕ್ರೂ ತಿರುಗಿಸುವುದರಲ್ಲಿ. ತುದಿ ಸವೆದು, ಒಳಗಿನ ದೀಪ ಕೆಟ್ಟು, ಹತ್ತದ ದೀಪವನ್ನು ನಂಬಿ ತಂತಿ ಮುಟ್ಟಿದವರು ಪೆಟ್ಟು ತಿಂದಿದ್ದಾರೆ. ಈ ಒಂದು ದುರ್ಬಳಕೆಯಲ್ಲಿ ಕಾರ್ಖಾನೆಯವರಿಗೂ ಸಾಹಿತಿಗಳಿಗೂ ಭೇದವಿಲ್ಲ.

ಇನ್ನೊಂದು ಬಗೆಯ ದುರ್ಬಳಕೆ ಮಧುರವಾದದ್ದು: ಕಾರ್ಖಾನೆಯ ಯಂತ್ರದಲ್ಲಿ ಮನೆಯ ಕೆಲಸ. ಹಂಗೇರಿಯ ಲೇಖಕ ಮಿಕ್ಲೋಶ್ ಹರಸ್ತಿ ಎಪ್ಪತ್ತರ ದಶಕದ ಆರಂಭದಲ್ಲಿ ಬುಡಾಪೆಸ್ಟಿನ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ದುಡಿದು ಬರೆದ ಪುಸ್ತಕದಲ್ಲಿ, ಇಡೀ ದಿನದ ಯಾಂತ್ರಿಕ ದುಡಿಮೆಯಲ್ಲಿ ಕೆಲಸಗಾರ ನಿಜಕ್ಕೂ ತನ್ನದೆಂದು ಮಾಡುವುದು ಇಂಥ ಕದ್ದ ವಸ್ತುಗಳನ್ನೇ ಎಂಬ ಅರ್ಥದ ಮಾತು ಬರುತ್ತದೆ. ಫ್ರೆಂಚರಲ್ಲಿ ಇದಕ್ಕೆ ‘ಪೆರುಕ್’, ಅಂದರೆ ಟೋಪನ್ ಎಂಬ ಹೆಸರಿರುವುದನ್ನು ಮಿಶೆಲ್ ದ ಸೆರ್ತೋ 1980ರ ತನ್ನ ಗ್ರಂಥದಲ್ಲಿ ಚರ್ಚಿಸಿದ್ದಾನೆ. ನಮ್ಮ ಪ್ರದೇಶದ ಕನ್ನಡ ಮನೆಗಳ ಅಡಿಗೆಮನೆಯನ್ನು ಯಾರಾದರೂ ಶೋಧಿಸಿದರೆ ಇದರ ವಸ್ತುಸಂಗ್ರಹಾಲಯವೇ ಸಿಗುತ್ತದೆ. ಹ್ಯಾಕ್ಸಾ ಬ್ಲೇಡನ್ನು ಸಾಣೆಗಲ್ಲಿನಲ್ಲಿ ಮಸೆದು ಬಟ್ಟೆ ಸುತ್ತಿದ ತರಕಾರಿಯ ಚಾಕು. ಸ್ಟೇನ್‌ಲೆಸ್ ತುಂಡಿನಿಂದ ಹಲ್ಲು ಕೊರೆದ ತುರಿಮಣೆಯ ನಾಲಿಗೆ. ಹಿತ್ತಾಳೆಯ ತಟ್ಟೆಯಲ್ಲಿ ನಕ್ಷತ್ರದ ತೂತು ಕೊರೆದ ಚಕ್ಕುಲಿಯ ಅಚ್ಚು. ನಮ್ಮ ಹಿರಿಯರ ಪತ್ನಿಯ ಬಳಿಯಿರುವ ಚಕ್ಕುಲಿ ಒರಳಿನ ಅಚ್ಚಿನಲ್ಲಿ ಆರು ಮೂಲೆಗಳಿವೆ, ಏಕೆಂದರೆ ಅಂದು ಕೈಗೆ ಸಿಕ್ಕ ಅರ ಆ ಮೂಲೆಗೇ ಒಗ್ಗುವಂಥದು. ‘ಇವರ ಚಕ್ಕುಲಿಗೂ ನಟ್ಟಿನ ಆಕಾರ’ ಎಂದು ನೆರೆಹೊರೆಯವರು ನಗುತ್ತಾರೆ. ಆ ತಾಯಿ ಮಾತ್ರ ನಲವತ್ತು ವರ್ಷಗಳಿಂದ ಬೇರೆ ಅಚ್ಚನ್ನು ಮುಟ್ಟಿಲ್ಲ.

ವರ್ಷಕ್ಕೊಂದು ದಿನ ಈ ಎಲ್ಲ ಅಪಹಾಸ್ಯ, ಅಪಚಾರಗಳಿಗೆ ಪ್ರಾಯಶ್ಚಿತ್ತವೂ ಉಂಟು. ಖಂಡೇನವಮಿ, ದಸರೆಯಂದು ಯಂತ್ರಗಳನ್ನು ತೊಳೆದು, ಚೆಂಡುಹೂವಿನ ಸರ ಹಾಕಿ, ಸಾಮಾನುಗಳನ್ನು ಬಿಳಿಯ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಕುಂಕುಮ ಹಚ್ಚುತ್ತಾರೆ. ಉತ್ತರದ ಕೆಲಸಗಾರರು ಸೆಪ್ಟೆಂಬರಿನಲ್ಲೇ ವಿಶ್ವಕರ್ಮ ಪೂಜೆ ಮಾಡಿರುತ್ತಾರೆ; ಅಂಥ ಕಡೆ ಪಾನಾಗಳಿಗೆ ಎರಡು ಹಬ್ಬ. ಆ ದಿನ ಸಾಮಾನಿಗೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವವರೇ ಮರುದಿನ ಅದೇ ಪಾನಾದಿಂದ ಮೊಳೆ ಹೊಡೆಯುತ್ತಾರೆ. ಇದರಲ್ಲಿ ವಿರೋಧವನ್ನು ಕಾಣುವವರು ಮನೆಯ ಹಿರಿಯರೊಡನೆ ಬಾಳಿದವರಲ್ಲವೆಂದು ನಮ್ಮ ಭಾವನೆ.

ಈ ಮಾತುಗಳನ್ನು ಬೇರೆಯವರು ಬರೆದಿಟ್ಟುಕೊಂಡಿದ್ದಾರೆ. ಉರ್ದುವಿನಲ್ಲಿ ಮೌಲ್ವಿ ಜಫರುರ್ರಹಮಾನ್ ದೆಹಲ್ವಿ ಅವರು ಕಸುಬುದಾರರ ಪದಗಳನ್ನು ಕಲೆಹಾಕಿ ಸಂಪಾದಿಸಿದ ಕೋಶ 1939ರಿಂದ ಎಂಟು ಸಂಪುಟಗಳಲ್ಲಿ ಹೊರಬಂತು. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ಕಸುಬಿಗೊಂದು ಸಂಪುಟವೆಂಬಂತೆ ವೃತ್ತಿಪದಕೋಶವನ್ನು ಆರಂಭಿಸಿದರು. ಬೇಸಾಯದ ಸಂಪುಟ 1962ರಲ್ಲಿ, ಕೈಮಗ್ಗದ್ದು 1971ರಲ್ಲಿ ಬಂತು. ನಮ್ಮಲ್ಲಿ ವಚನಕಾರರು ಮಗ್ಗದ, ಬುಟ್ಟಿಯ, ದೋಣಿಯ ಮಾತನ್ನು ನೇರವಾಗಿ ಕಾವ್ಯದೊಳಕ್ಕೆ ತಂದ ಪರಂಪರೆಯಿದೆ. ಮುಂಬಯಿಯ ಕನ್ನಡ ಕಾದಂಬರಿಯೂ ಉದ್ಯಮವನ್ನು ಕಾಣದೆ ಇರಲಿಲ್ಲ. ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕಾರ್ಮಿಕರ ಸಂಘರ್ಷವನ್ನೇ ಕೈಗೆತ್ತಿಕೊಂಡಿತು. ಸ್ವತಃ ಕೆಮಿಕಲ್ ಎಂಜಿನಿಯರ್ ಆಗಿದ್ದ ಯಶವಂತ ಚಿತ್ತಾಲರ ‘ಶಿಕಾರಿ’ ಕಂಪನಿಯೊಳಗಿನ ಬೇಟೆಯನ್ನು ತೋರಿಸಿತು. ದೊಡ್ಡ ಕೃತಿಗಳವು. ಆದರೆ ಮೇಜಿನ ಎತ್ತರದಿಂದ ನೋಡಿದ ಕಾರ್ಖಾನೆ ಒಂದು, ಬೆಂಚಿನ ಎತ್ತರದ್ದು ಇನ್ನೊಂದು. ಬೆಂಚಿನವನು ಬರೆಯಲಿಲ್ಲ. ಪಾಳಿ ಮುಗಿಸಿ 10.40ರ ಕಸಾರಾ ಲೋಕಲಿನಲ್ಲಿ ನಿಂತೇ ನಿದ್ದೆ ಮಾಡುವವನು ಬರೆಯುವುದಾದರೂ ಯಾವಾಗ?

1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಬಂದರು. ಬಹಳ ಮಂದಿ ಮತ್ತೆ ಒಳಹೋಗಲಿಲ್ಲ. ಹುಡುಗನಿಗೆ ಆ ಎರಡು ಇಂಗ್ಲಿಷ್ ಪದ ಕಲಿಸಿದ ಸೋದರಮಾವ ಅವರಲ್ಲೊಬ್ಬರು. ಡಿಸ್ಮಿಸ್ ಎಂಬುದಕ್ಕೆ ತಿರುಪುಳಿ ಎಂಬ ಅರ್ಥವೂ ಇದೆಯೆಂದು ಅಳಿಯ ಹೇಳಿದಾಗ ಅವರು ನಗಲಿಲ್ಲವಂತೆ. ನಂತರದ ದಶಕದಲ್ಲಿ ಸರದಿ ಠಾಣೆ-ಬೇಲಾಪುರ ರಸ್ತೆಗೆ ಬಂತು. ನಮ್ಮ ಹಿರಿಯರು ಆಗ ದುಡಿಯುತ್ತಿದ್ದ ದೊಡ್ಡ ಕಾರ್ಖಾನೆಯ ಗೇಟಿಗೂ ಒಂದು ಬೆಳಗ್ಗೆ ನೋಟೀಸು ಅಂಟಿತು. ಅದರಲ್ಲಿ ಡಿಸ್ಮಿಸ್ ಎಂಬ ಪದವಿರಲಿಲ್ಲ; ‘ಸ್ವಯಂ ನಿವೃತ್ತಿ’ ಎಂದಿತ್ತು. ಕಾರ್ಖಾನೆಯ ಭಾಷೆಯಲ್ಲಿ ಎಷ್ಟೋ ತಪ್ಪು ಹೆಸರುಗಳನ್ನು ಕೇಳಿದ ಅವರಿಗೂ ಇದು ಹೊಸದಾಗಿತ್ತು.

ಹೊರಡುವ ಮುನ್ನ ಎಲ್ಲರೂ ಕಿಂಡಿಯಲ್ಲಿ ಸಾಮಾನು ಮರಳಿಸಿ ಬಿಲ್ಲೆ ಪಡೆದು, ಬಿಲ್ಲೆಗಳನ್ನೂ ಆಫೀಸಿಗೆ ಒಪ್ಪಿಸಿ, ಸಹಿ ಹಾಕಿ ಹಣ ತೆಗೆದುಕೊಳ್ಳಬೇಕಿತ್ತು. ಹಿರಿಯರು ಎಲ್ಲವನ್ನೂ ಒಪ್ಪಿಸಿದರು, ಒಂದು ಉದ್ದನೆಯ ತಿರುಪುಳಿಯ ಹೊರತು. ಅದರ ಬೆಲೆಯನ್ನು ಲೆಕ್ಕದಲ್ಲಿ ಕಡಿದುಕೊಂಡರು. ಅದು ಇಂದು ಅವರ ಡೊಂಬಿವಲಿಯ ಮನೆಯಲ್ಲಿದೆ, ಹಿಡಿ ಕಿವಿಯ ಎಣ್ಣೆಯಿಂದ ಕಪ್ಪಾಗಿದೆ. ಮೊನ್ನೆ ಅವರ ಮನೆಯ ಫ್ರಿಜ್ಜು ಗೊರಗುಟ್ಟತೊಡಗಿದಾಗ ಕಂಪನಿಯ ಹುಡುಗ ಬರುವ ಮೊದಲೇ ಅದನ್ನು ಹಿಂಬದಿಯ ಕಂಪ್ರೆಸರಿಗೆ ತಾಗಿಸಿ, ಕಣ್ಣು ಮುಚ್ಚಿ ಆಲಿಸಿ, ‘ಇನ್ನ ಎರಡು ವರ್ಷ ತೊಂದರಿ ಇಲ್ಲ, ಕೆಳಗಿನ ರಬ್ಬರ್ ಅಷ್ಟ ಸಡಲ ಆಗ್ಯಾದ’ ಎಂದರು. ಅವರ ಬಿಲ್ಲೆ ಆ ಟೂಲ್‌ರೂಮಿನ ಕೊಕ್ಕೆಯಲ್ಲೇ ಉಳಿಯಿತು. ಕೊಕ್ಕೆ ಇದ್ದ ಗೋಡೆ ಈಗ ಇಲ್ಲ.